ಟೋನಿ ಕ್ರೂಸ್ ಎಲ್ಲಿ ನಿಲ್ಲುತ್ತಿದ್ದರು?

ಮಿಡ್‌ಫೀಲ್ಡ್‌ನಲ್ಲಿ ಅಂದರೆ ಮೈದಾನದ ನಡುಭಾಗದಲ್ಲಿ ಆಡಬೇಕು ಅನ್ನುವ ಹುಡುಗರಿಗೆ ನಾನು ಜರ್ಮನಿಯ ಫುಟ್‌ಬಾಲ್ ಆಟಗಾರ ಟೋನಿ ಕ್ರೂಸ್ ಅವರ ಪಂದ್ಯಗಳನ್ನು ತೋರಿಸುತ್ತೇನೆ. ಗೋಲುಗಳ ತುಣುಕು ಅಲ್ಲ, ಪೂರ್ತಿ ಪಂದ್ಯ. ಸ್ವಲ್ಪ ಹೊತ್ತು ನೋಡಿದ ಮೇಲೆ ಯಾರಾದರೊಬ್ಬ ಕೇಳಿಯೇ ಕೇಳುತ್ತಾನೆ: "ಸರ್, ಇವ್ರು ಓಡೋದೇ ಇಲ್ವಲ್ಲ?"

ಪ್ರಶ್ನೆಯಲ್ಲಿ ತಪ್ಪಿಲ್ಲ. ಕ್ರೂಸ್ ವೇಗಕ್ಕೆ ಹೆಸರಾದವರಲ್ಲ. ಡ್ರಿಬಲ್ ಮಾಡಿ ಇಬ್ಬರು ಮೂವರನ್ನು ದಾಟುವವರೂ ಅಲ್ಲ. ಸ್ಪೇನ್‌ನ ಕ್ಲಬ್ ರಿಯಲ್ ಮ್ಯಾಡ್ರಿಡ್ ಪರ 10 ವರ್ಷ, 465 ಪಂದ್ಯ ಆಡಿ ಹೊಡೆದದ್ದು 28 ಗೋಲು. ಹಾಗಿದ್ದೂ ಅವರ ಹೆಸರಲ್ಲಿ ಯೂರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ 6 ಇವೆ, ಒಂದು ವಿಶ್ವಕಪ್ ಇದೆ. ಹೇಗೆ ಅಂತ ಅರ್ಥವಾಗಬೇಕಾದರೆ ಚೆಂಡನ್ನು ಬಿಟ್ಟು ಅವರ ಕಾಲು ಎಲ್ಲಿ ನಿಂತಿದೆ ಅಂತ ನೋಡಬೇಕು. ನನ್ನ ಪ್ರಕಾರ ಅವರ ವೃತ್ತಿಜೀವನ ಅಂದರೆ ಮೈದಾನದಲ್ಲಿ ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಸರಿದ ಕಥೆ.

ಶುರುವಾದದ್ದು ಮುಂದೆಯೇ. 1990ರಲ್ಲಿ ಗ್ರೈಫ್ಸ್‌ವಾಲ್ಡ್‌ನಲ್ಲಿ ಹುಟ್ಟಿದರು, ಆಗಿನ್ನೂ ಅದು ಪೂರ್ವ ಜರ್ಮನಿ. ತಂದೆ ಫುಟ್‌ಬಾಲ್ ಕೋಚ್, ತಾಯಿ ಬ್ಯಾಡ್ಮಿಂಟನ್ ಆಟಗಾರ್ತಿ. ಹನ್ಸಾ ರಾಸ್ಟಾಕ್‌ನ ಯೂತ್ ತಂಡದಿಂದ 2006ರಲ್ಲಿ ಬಯರ್ನ್ ಮ್ಯೂನಿಕ್‌ಗೆ ಹೋದರು. ಮರುವರ್ಷ ದಕ್ಷಿಣ ಕೊರಿಯಾದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಜರ್ಮನಿ ಮೂರನೇ ಸ್ಥಾನ ಪಡೆಯಿತು, ಟೂರ್ನಿಯ ಶ್ರೇಷ್ಠ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಕ್ರೂಸ್‌ಗೆ ಸಿಕ್ಕಿತು. ಆಗ ಅವರು ಸ್ಟ್ರೈಕರ್ ಹಿಂದೆ ಆಡುವ 10ನೇ ನಂಬರ್ ಶೈಲಿಯ ಹುಡುಗ. ಬಯರ್ನ್‌ನಲ್ಲಿ ಜಾಗ ಸಿಗದೆ 2009ರ ಜನವರಿಯಲ್ಲಿ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಲೆವರ್‌ಕುಸೆನ್‌ ಕ್ಲಬ್‌ಗೆ ಹೋದರು. ಅಲ್ಲಿ ಕೋಚ್ ಯೂಪ್ ಹೈಂಕೆಸ್ ಕೈಗೆ ಸಿಕ್ಕಿದರು. 2009-10ರ ಬುಂಡೆಸ್‌ಲಿಗಾದಲ್ಲಿ (ಜರ್ಮನಿಯ ಲೀಗ್) 9 ಗೋಲು. ಮುಂದೆ ಅವರು ಇಷ್ಟು ಗೋಲು ಹೊಡೆದ ಸೀಸನ್ ಮತ್ತೆ ಬರಲೇ ಇಲ್ಲ. ಯಾಕೆಂದರೆ ಗೋಲ್‌ಗೆ ಅಷ್ಟು ಹತ್ತಿರ ಅವರು ಮತ್ತೆ ನಿಲ್ಲಲಿಲ್ಲ.

ಬಯರ್ನ್‌ಗೆ ಮರಳಿದ ಮೇಲೆ 2012ರಲ್ಲಿ ತವರಿನ ಮೈದಾನದಲ್ಲೇ ಚೆಲ್ಸಿ ಎದುರು ಚಾಂಪಿಯನ್ಸ್ ಲೀಗ್ ಫೈನಲ್ ಸೋತರು. 2013ರಲ್ಲಿ ತಂಡ ಮೂರು ಕಪ್ ಗೆದ್ದಾಗ ಕ್ರೂಸ್ ಗಾಯಗೊಂಡು ಹೊರಗಿದ್ದರು. ಆ ಬೇಸಿಗೆ ಬಂದ ಕೋಚ್ ಗ್ವಾರ್ಡಿಯೊಲಾ ಅವರನ್ನು ಇನ್ನಷ್ಟು ಹಿಂದಕ್ಕೆ ಎಳೆದರು. 2014ರ ವಿಶ್ವಕಪ್ ಸೆಮಿಫೈನಲ್ ಅಂತೂ ಎಲ್ಲರಿಗೂ ನೆನಪಿದೆ. ಬ್ರೆಜಿಲ್ ಎದುರು 7-1, ಅದರಲ್ಲಿ 69 ಸೆಕೆಂಡ್‌ಗಳಲ್ಲಿ ಕ್ರೂಸ್ ಎರಡು ಗೋಲು ಹೊಡೆದರು. ಆದರೆ ಅದು ಅವರ ದಿನನಿತ್ಯದ ಆಟ ಅಲ್ಲ. ಅದನ್ನು ನೋಡಿ ಕ್ರೂಸ್ ಅಂದರೆ ಇಷ್ಟೇ ಅಂದುಕೊಂಡರೆ ಮೋಸ ಹೋಗುತ್ತೇವೆ.

ಅವರ ನಿಜವಾದ ಆಟ ಆಮೇಲೆ ಸೇರಿದ ಮ್ಯಾಡ್ರಿಡ್‌ನಲ್ಲಿ ಕಾಣುತ್ತದೆ. ಹಿಂದೆ ಕಾಯಲು ಕಾಸೆಮಿರೊ, ಬಲಕ್ಕೆ ಮೋಡ್ರಿಚ್, ಎಡಕ್ಕೆ ಕ್ರೂಸ್. ಜಿದಾನ್ ಕೋಚ್ ಆದ ಮೇಲೆ ಈ ಮೂವರು ಸೇರಿ 2016, 2017, 2018 ಹೀಗೆ ಸತತ ಮೂರು ಚಾಂಪಿಯನ್ಸ್ ಲೀಗ್ ಗೆದ್ದರು. ಎಡಬದಿಯ ಡಿಫೆಂಡರ್ (ಲೆಫ್ಟ್ ಬ್ಯಾಕ್) ಮಾರ್ಸೆಲೊ ಮುಂದೆ ಓಡಿದ ತಕ್ಷಣ ಕ್ರೂಸ್ ಮೆಲ್ಲಗೆ ನಡೆದು ಅವರು ಬಿಟ್ಟ ಜಾಗಕ್ಕೆ ಬರುತ್ತಿದ್ದರು. ನಡೆದು ಅಂದೆ, ಗಮನಿಸಿ.

ಈಗ ಎದುರಾಳಿಯ ಕಷ್ಟ ನೋಡಿ. ಅವರ ಮಿಡ್‌ಫೀಲ್ಡರ್ ಅಷ್ಟು ದೂರ ಹೊರಗೆ ಬಂದರೆ ನಡುವೆ ಬಾಗಿಲು ತೆರೆದ ಹಾಗೆ. ಅವರ ವಿಂಗರ್, ಅಂದರೆ ಅಂಚಿನಲ್ಲಿ ಆಡುವವನು, ಕ್ರೂಸ್ ಮೇಲೆ ಬಿದ್ದರೆ ಮಾರ್ಸೆಲೊನನ್ನು ನೋಡಿಕೊಳ್ಳುವವರಿಲ್ಲ. ಯಾರೂ ಬರದಿದ್ದರೆ ಕ್ರೂಸ್‌ಗೆ ಬೇಕಾದಷ್ಟು ಸಮಯ. ಇನ್ನೊಂದು ಲಾಭವೂ ಇದೆ. ಬಲಗಾಲಿನವರು ಎಡ ಅಂಚಿನಲ್ಲಿ ನಿಂತರೆ ಇಡೀ ಮೈದಾನ ಕಣ್ಣೆದುರು ಇರುತ್ತದೆ. ಒಂದು ಟಚ್‌ಗೆ ಚೆಂಡು ಬಲಗಾಲಿಗೆ, ಇನ್ನೊಂದಕ್ಕೆ ಆ ತುದಿಯಲ್ಲಿ ಓಡುತ್ತಿರುವ ಬಲಬದಿಯ ಡಿಫೆಂಡರ್ ಕಾರ್ವಹಾಲ್ ಕಾಲಿಗೆ. ಎಡಗಾಲೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿದ್ದರಿಂದ ಆ ಕಡೆಯಿಂದ ಅಡ್ಡಗಟ್ಟುವುದಕ್ಕೂ ಆಗುತ್ತಿರಲಿಲ್ಲ.

ಹುಡುಗರಿಗೆ ನಾನು ಹೇಳುವುದು ಇದರಲ್ಲಿ ಒಂದೇ ಅಂಶ. ಚೆಂಡು ಬರುವ ಮುಂಚೆ ಭುಜ ತಿರುಗಿಸಿ ಹಿಂದೆ ನೋಡಬೇಕು, ಮೈ ಅರ್ಧ ತೆರೆದಿರಬೇಕು. ನಮ್ಮಲ್ಲಿ ಜಾಸ್ತಿ ಮಕ್ಕಳು ಚೆಂಡಿನ ಕಡೆಗೇ ಮುಖ ಮಾಡಿ ನಿಂತಿರುತ್ತಾರೆ. ಚೆಂಡು ಸಿಕ್ಕಿದ ಮೇಲೆ ತಿರುಗಬೇಕು, ಅಷ್ಟರಲ್ಲಿ ಡಿಫೆಂಡರ್ ಬೆನ್ನ ಮೇಲಿರುತ್ತಾನೆ. ಕ್ರೂಸ್‌ಗೆ ಓಡುವ ಕೆಲಸ ತಪ್ಪುತ್ತಿದ್ದದ್ದು ಇಲ್ಲಿ.

ಇದಕ್ಕೆ ಬೆಲೆಯೂ ತೆರಬೇಕಿತ್ತು. ಚೆಂಡು ಕಳೆದುಕೊಂಡರೆ ಅಟ್ಟಿಸಿಕೊಂಡು ಹೋಗಿ ಹಿಡಿಯುವ ಕಾಲು ಅವರದಲ್ಲ. 2018ರ ವಿಶ್ವಕಪ್‌ನಲ್ಲಿ ಸ್ವೀಡನ್ ಎದುರು ಅವರದೇ ತಪ್ಪು ಪಾಸ್ ಗೋಲಾಯಿತು. ಅದೇ ಪಂದ್ಯದ 95ನೇ ನಿಮಿಷದಲ್ಲಿ ಫ್ರೀ ಕಿಕ್ ಅನ್ನು ಜೊತೆ ಆಟಗಾರ ರಾಯ್ಸ್‌ಗೆ ತಟ್ಟಿ, ಅವರು ನಿಲ್ಲಿಸಿದ ಚೆಂಡನ್ನು ದೂರದ ಮೂಲೆಗೆ ತಿರುಗಿಸಿ ಹೊಡೆದು ಗೆಲ್ಲಿಸಿದರು. ಆಮೇಲೆ ಕೊರಿಯಾ ಎದುರು ಸೋತು ಜರ್ಮನಿ ಗುಂಪಿನಲ್ಲೇ ಹೊರಬಿತ್ತು.

2021ರ ಯೂರೊದಲ್ಲಿ (ಯೂರೋಪಿನ ದೇಶಗಳ ಟೂರ್ನಿ) ಇಂಗ್ಲೆಂಡ್ ಎದುರು ಸೋತು ಅವರು ರಾಷ್ಟ್ರೀಯ ತಂಡ ಬಿಟ್ಟಾಗ, ಇವರ ಆಟದ ಕಾಲ ಮುಗಿಯಿತು ಅಂತ ಬಯರ್ನ್‌ನ ಮಾಜಿ ಅಧ್ಯಕ್ಷ ಉಲಿ ಹೊನೆಸ್ ಬಹಿರಂಗವಾಗಿಯೇ ಹೇಳಿದರು. ಬರೀ ಅಡ್ಡ ಪಾಸ್ ಕೊಡ್ತಾರೆ ಅನ್ನುವುದು ಜರ್ಮನಿಯಲ್ಲಿ ಅವರ ಮೇಲಿದ್ದ ಹಳೇ ದೂರು. ನನಗೆ ಈ ದೂರು ಅರ್ಧ ಮಾತ್ರ ಒಪ್ಪಿಗೆ. ಅಡ್ಡ ಪಾಸ್ ಜಾಸ್ತಿ ಇದ್ದವು, ನಿಜ. ಆದರೆ ಎರಡು ಅಡ್ಡ ಪಾಸ್‌ಗೆ ಎದುರಾಳಿಯ ಸಾಲು ಎಡಕ್ಕೆ ಬಲಕ್ಕೆ ಜರುಗುತ್ತದೆ. ಜರುಗಿದಾಗ ಸಂದು ಬೀಳುತ್ತದೆ. ಮೂರನೇ ಪಾಸ್ ಆ ಸಂದಿಗೆ.

ನಂಬಿಕೆ ಬರದಿದ್ದರೆ 2024ರ ಏಪ್ರಿಲ್ 30ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಮೊದಲ ಗೋಲು ನೋಡಿ. ಮ್ಯೂನಿಕ್‌ನಲ್ಲಿ ಬಯರ್ನ್ ಎದುರು. ಮ್ಯಾಡ್ರಿಡ್‌ನ ಫಾರ್ವರ್ಡ್ ವಿನೀಸಿಯಸ್ ಚೆಂಡು ಕೇಳುವವರ ಹಾಗೆ ಕೆಳಗೆ ಬಂದರು, ಡಿಫೆಂಡರ್ ಕಿಮ್ ಮಿನ್ ಜೇ ಬೆನ್ನಿಗೇ ಬಂದರು. ಕ್ರೂಸ್ ಖಾಲಿಯಾದ ಜಾಗವನ್ನು ಬೆರಳಿನಿಂದ ತೋರಿಸಿ ಅಲ್ಲಿಗೇ ಪಾಸ್ ಕೊಟ್ಟರು. ವಿನೀಸಿಯಸ್ ತಿರುಗಿ ಓಡಿ ಗೋಲು ಹೊಡೆದರು. ಕಾಲ ಮುಗಿದವರ ಆಟ ಇದು, ಅಲ್ವಾ? ಜೂನ್ 1ರಂದು ವೆಂಬ್ಲಿಯಲ್ಲಿ ಡಾರ್ಟ್‌ಮುಂಡ್ ಎದುರು ಫೈನಲ್. ಕಾರ್ವಹಾಲ್ ತಲೆಯಿಂದ ಹೊಡೆದ ಮೊದಲ ಗೋಲು ಬಂದದ್ದು ಕ್ರೂಸ್ ಅವರ ಕಾರ್ನರ್‌ನಿಂದ. ಮ್ಯಾಡ್ರಿಡ್ ಪರ ಅದೇ ಅವರ ಕೊನೇ ಪಂದ್ಯ.

ಅಷ್ಟರಲ್ಲಾಗಲೇ ಕೋಚ್ ನಾಗೆಲ್ಸ್‌ಮನ್ ಅವರನ್ನು ಜರ್ಮನಿ ತಂಡಕ್ಕೆ ವಾಪಸ್ ಕರೆಸಿದ್ದರು. ಮಾರ್ಚ್‌ನಲ್ಲಿ ಫ್ರಾನ್ಸ್ ಎದುರು ಆಟ ಶುರುವಾದ 7 ಸೆಕೆಂಡ್‌ಗೆ ಅವರ ಪಾಸ್‌ನಿಂದ ವಿರ್ಟ್ಸ್ ಗೋಲು ಹೊಡೆದರು. ಯೂರೊದ ಮೊದಲ ಪಂದ್ಯದಲ್ಲಿ ಸ್ಕಾಟ್ಲೆಂಡ್ ಎದುರು 102 ಪಾಸ್‌ನಲ್ಲಿ 101 ಸರಿಯಾಗಿ ತಲುಪಿದವು. ಕ್ವಾರ್ಟರ್‌ಫೈನಲ್‌ನಲ್ಲಿ ಮಾತ್ರ ಸ್ಪೇನ್‌ನ ವೇಗಕ್ಕೆ ಒದ್ದಾಡಿದರು. ಆರಂಭದಲ್ಲೇ ಅವರ ಒಂದು ಒರಟು ಫೌಲ್‌ಗೆ ಪೆಡ್ರಿ ಗಾಯಗೊಂಡು ಹೊರಹೋಗಬೇಕಾಯಿತು. ಕ್ರೂಸ್ ಆಮೇಲೆ ಕ್ಷಮೆ ಕೇಳಿದರು. 119ನೇ ನಿಮಿಷದ ಗೋಲಿಗೆ ಜರ್ಮನಿ ಸೋತಿತು, 114 ಅಂತಾರಾಷ್ಟ್ರೀಯ ಪಂದ್ಯ ಆಡಿ ಅವರು ನಿವೃತ್ತರಾದರು.

ಮುಂದಿನ ಸೀಸನ್‌ನಲ್ಲಿ ಮ್ಯಾಡ್ರಿಡ್‌ಗೆ ಫಾರ್ವರ್ಡ್ ಎಂಬಾಪೆ ಬಂದರು. ಕ್ರೂಸ್ ಜಾಗಕ್ಕೆ ಮಾತ್ರ ಹೊರಗಿನಿಂದ ಯಾರೂ ಬರಲಿಲ್ಲ. 2024-25ರಲ್ಲಿ ಸ್ಪೇನ್‌ನ ಲೀಗ್ ಬಾರ್ಸಿಲೋನಾಗೆ ಹೋಯಿತು, ಚಾಂಪಿಯನ್ಸ್ ಲೀಗ್‌ನಲ್ಲಿ ಆರ್ಸೆನಲ್ ಎದುರು ಎರಡೂ ಪಂದ್ಯ ಸೋತರು. ಕಾರ್ವಹಾಲ್ ಮೊಣಕಾಲಿನ ಗಾಯವೂ ಒಂದು ಕಾರಣ, ಎಲ್ಲವನ್ನೂ ಒಬ್ಬರ ಗೈರುಹಾಜರಿಗೆ ಕಟ್ಟುವುದು ಸರಿಯಲ್ಲ. ಆದರೆ ಆ ವರ್ಷದ ಪಂದ್ಯಗಳಲ್ಲಿ ಡಿಫೆಂಡರ್‌ಗಳು ಚೆಂಡು ಹಿಡಿದು ಎಡಕ್ಕೆ ನೋಡುವಾಗ ಅಲ್ಲಿ ಯಾರು ನಿಂತಿದ್ದಾರೆ ಅಂತ ನೀವೇ ನೋಡಿ.