ಆಯಾಸ ಬೇರೆ, ವ್ಯಾಯಾಮ ಬೇರೆ

‘ಕೀಮೋ ನಡೀತಿದೆ, ಪಾಪ, ಆಯಾಸ ಮಾಡಿಸಬೇಡಿ. ವ್ಯಾಯಾಮ ಗೀಯಾಮ ಎಲ್ಲ ಆಮೇಲೆ.’ ಕ್ಯಾನ್ಸರ್ ರೋಗಿಗಳ ಬಗ್ಗೆ ಈ ಮಾತನ್ನು ಈ ತಿಂಗಳಲ್ಲೇ ಮೂರನೇ ಸಲ ಕೇಳಿದೆ. ಹೇಳಿದವರ ಪ್ರೀತಿಯ ಬಗ್ಗೆ ಅನುಮಾನವಿಲ್ಲ. ಆದರೆ ಎರಡು ಪದಗಳನ್ನು ಒಂದೇ ಗೂಟಕ್ಕೆ ಕಟ್ಟುತ್ತಾರಲ್ಲ, ನನ್ನ ತಕರಾರು ಅದು.

ಕೇಳೋಕೆ ಅಣ್ಣತಮ್ಮಂದಿರ ಹಾಗಿವೆ, ನಿಜ. ಆದರೆ ಮನೆತನ ಬೇರೆ. ‘ಆಯಾಸ’ ಬಂದಿದ್ದು ಸಂಸ್ಕೃತದ ‘ಯಸ್’ ಧಾತುವಿನಿಂದ, ಅಂದರೆ ಪದದ ಬೇರಿನಿಂದ. ಹೆಣಗಾಟ ಅದರ ಮೊದಲ ಅರ್ಥ, ದಣಿವು ಆಮೇಲೆ ಸೇರಿದ್ದು. ‘ಅನಾಯಾಸವಾಗಿ ಗೆದ್ದ’ ಅಂದರೆ ಹೆಣಗದೆ ಗೆದ್ದ ಅಂತ ತಾನೆ? ‘ವ್ಯಾಯಾಮ’ದ ಧಾತು ‘ಯಮ್’. ಮುಂದೆ ‘ವಿ’, ‘ಆ’ ಸೇರಿದರೆ ಚಾಚುವುದು, ಹರಡುವುದು. ಪ್ರಾಣಾಯಾಮ ಇದರ ನೆಂಟ. ಪೇಪರಿನವರು ‘ಪ್ರಕರಣಕ್ಕೆ ಹೊಸ ಆಯಾಮ’ ಅಂತ ಬರೆಯುತ್ತಾರಲ್ಲ, ಅದೂ ನೆಂಟನೇ. ಹಳೆಯ ಸಂಸ್ಕೃತದಲ್ಲಿ ವ್ಯಾಯಾಮ ಒಂದು ಅಳತೆ ಕೂಡ: ಎರಡೂ ತೋಳು ಚಾಚಿದಾಗಿನ ಉದ್ದ. ನಮ್ಮ ‘ಮಾರು’! ಹೂವಿನಾಕೆ ಒಂದು ಮಾರು ಮಲ್ಲಿಗೆ ಅಳೆಯುವಾಗ ಮಾಡುವುದು ಅದನ್ನೇ.

ಗೊಂದಲದಲ್ಲಿ ಆಯುರ್ವೇದದ ಹಳೆಯ ವೈದ್ಯ ಸುಶ್ರುತನಿಗೂ ಪಾಲಿದೆ. ದೇಹಕ್ಕೆ ಆಯಾಸ ಹುಟ್ಟಿಸುವ ಕೆಲಸವೇ ವ್ಯಾಯಾಮ ಅಂದುಬಿಟ್ಟ. ಅವನ ಆಯಾಸ ಶ್ರಮ, ನಮ್ಮದು ಸುಸ್ತು.

ಇನ್ನು ಕ್ಯಾನ್ಸರ್ ರೋಗಿಯ ಸುಸ್ತು. ಅದು ಗದ್ದೆ ಉತ್ತು ಬಂದವನ ಆಯಾಸವಲ್ಲ. ಏನೂ ಮಾಡದಿದ್ದರೂ ಬರುತ್ತದೆ, ನಿದ್ದೆ ಮಾಡಿ ಎದ್ದರೂ ಹೋಗುವುದಿಲ್ಲ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ. ಸೊರಗಿದಷ್ಟೂ ಬಚ್ಚಲಿಗೆ ಹೋಗಿಬರುವುದೇ ಬೆಟ್ಟ ಹತ್ತಿದ ಹಾಗೆ. ವಾರಕ್ಕೆ 3 ಸಲ, 30 ನಿಮಿಷದ ಚುರುಕು ನಡಿಗೆಯಂಥದ್ದು ಈ ಸುಸ್ತನ್ನೂ ಆತಂಕವನ್ನೂ ತಗ್ಗಿಸುತ್ತದೆ ಎಂದು ಹಲವು ದೇಶಗಳ ತಜ್ಞರು 2019ರಲ್ಲೇ ಹೇಳಿದರು. ಚಿಕಿತ್ಸೆ ನಡೆಯುತ್ತಿರುವಾಗಲೇ ಮಾಡಿಸಿ ಅಂತ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2022ರಲ್ಲಿ ಹೇಳಿತು. ‘ಎಲ್ಲ ಆಮೇಲೆ’ ಅನ್ನುವವರು ಇದನ್ನು ಗಮನಿಸಿ.

ಸ್ತನ ಕ್ಯಾನ್ಸರಿನವರಿಗೆ ಸಿಗುವ ಉಪದೇಶ ಇನ್ನೊಂದು: ‘ಆಪರೇಷನ್ ಆದ ಕಡೆಯ ಕೈಯಲ್ಲಿ ಏನೂ ಎತ್ತಬೇಡಿ, ಊದಿಕೊಳ್ಳುತ್ತೆ.’ ಆಗಲೇ ಕೈ ಊದಿದ್ದ 141 ಹೆಂಗಸರ ಮೇಲೆ ನಡೆದ ಪ್ರಯೋಗವೊಂದು 2009ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ ಭಾರ ಎತ್ತಿದರು. ಊತ ಜಾಸ್ತಿಯಾಗಲಿಲ್ಲ, ಇದ್ದಕ್ಕಿದ್ದಂತೆ ಉಲ್ಬಣಿಸುವುದೂ ಕಡಿಮೆಯಾಯಿತು. ಆಪರೇಷನ್ ಆದಮೇಲೆ ಫಿಸಿಯೋ ಹೇಳಿಕೊಡುವುದನ್ನೇ ನೋಡಿ: ಗೋಡೆಯ ಮೇಲೆ ಬೆರಳು ನಡೆಸುತ್ತಾ ತೋಳು ಮೇಲೇರಿಸುವುದು. ಚಾಚುವುದು! ಧಾತುವಿಗೆ ಇಷ್ಟು ನಿಯತ್ತಾದ ವ್ಯಾಯಾಮ ಜಿಮ್ಮಿನಲ್ಲೂ ಸಿಗುವುದಿಲ್ಲ.

2025ರ ಸುದ್ದಿ ದೊಡ್ಡದು. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್, ಕೀಮೋ ಮುಗಿಸಿದ 889 ಜನರಲ್ಲಿ ಒಂದು ಗುಂಪಿಗೆ 3 ವರ್ಷ ತರಬೇತುದಾರರ ಜತೆ ವ್ಯಾಯಾಮ, ಇನ್ನೊಂದಕ್ಕೆ ಬರೀ ಓದುವ ಮಾಹಿತಿ. 8 ವರ್ಷಕ್ಕೆ ಬದುಕಿದ್ದವರು ಮೊದಲನೆಯದರಲ್ಲಿ ಶೇ 90, ಎರಡನೆಯದರಲ್ಲಿ ಶೇ 83. ಇದನ್ನು ‘ವ್ಯಾಯಾಮದಿಂದ ಕ್ಯಾನ್ಸರ್ ಮಾಯ’ ಅಂತ ವಾಟ್ಸಾಪಿಗೆ ಹಾಕಬೇಡಿ. ವ್ಯಾಯಾಮ ಚಿಕಿತ್ಸೆಯ ಜತೆಗೆ, ಚಿಕಿತ್ಸೆಯ ಬದಲು ಅಲ್ಲ.

ಎಲುಬಿಗೆ ಹರಡಿದ್ದರೆ, ಪ್ಲೇಟ್‌ಲೆಟ್ ಇಳಿದಿದ್ದರೆ, ಜ್ವರ ಇದ್ದರೆ ವೈದ್ಯರನ್ನು ಕೇಳದೆ ಶುರು ಮಾಡಬಾರದು. ಕೇಳುವಾಗ ಮಾತ್ರ ‘ಆಯಾಸ ಆಗುತ್ತಾ ಡಾಕ್ಟ್ರೇ’ ಅನ್ನಬೇಡಿ. ‘ಎಷ್ಟು ನಡೀಬಹುದು’ ಅಂತ ಕೇಳಿ.