ಲ್ಯಾಪ್‌ಟಾಪ್ ಕಾಯುತ್ತೆ, ಫ್ಯಾನ್ ಕೂಗುತ್ತೆ, ವಾರಂಟಿಯೂ ಮುಗಿದಿದೆ: ಈಗೇನು ಮಾಡೋದು?

ಓದುಗರ ಪ್ರಶ್ನೆ: ನನ್ನ ಲ್ಯಾಪ್‌ಟಾಪಿಗೆ ನಾಲ್ಕು ವರ್ಷ ಆಯಿತು, ವಾರಂಟಿ ಎಂದೋ ಮುಗಿದಿದೆ. ಈಗ ಬ್ರೌಸರ್ ತೆರೆದರೂ ಸಾಕು, ಫ್ಯಾನ್ ಭೋರ್ ಎನ್ನುತ್ತದೆ. ಕೀಬೋರ್ಡಿನ ಮೇಲ್ಭಾಗದಲ್ಲಿ ಬೆರಳಿಡಲು ಆಗುವುದಿಲ್ಲ. ವಿಡಿಯೋ ಕಾಲ್ ನಡುವೆ ಒಮ್ಮೊಮ್ಮೆ ತಾನಾಗಿಯೇ ಆಫ್ ಆಗುತ್ತದೆ. ಅಂಗಡಿಯಲ್ಲಿ ತೋರಿಸಿದರೆ ‘ಮದರ್‌ಬೋರ್ಡ್ ಹೋಗ್ತಾ ಇದೆ, ಹೊಸದು ತಗೊಂಬಿಡಿ’ ಅಂದರು. ಕೂಲಿಂಗ್ ಪ್ಯಾಡ್ ಹಾಕಿದರೆ ಸರಿಹೋಗುತ್ತದೆಯೇ, ಇಲ್ಲಾ ಹೊಸದನ್ನೇ ಕೊಳ್ಳಬೇಕೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ಹೇಳಿದ ಲಕ್ಷಣಗಳಿಗೆ ಮದರ್‌ಬೋರ್ಡನ್ನು ದೂರುವ ಅಗತ್ಯವೇ ಕಾಣುವುದಿಲ್ಲ. ನಾಲ್ಕು ವರ್ಷ ದುಡಿದು ಒಮ್ಮೆಯೂ ಹಿಂಬದಿ ಬಿಚ್ಚದ ಲ್ಯಾಪ್‌ಟಾಪ್‌ಗಳು ಹೆಚ್ಚುಕಡಿಮೆ ಹೀಗೇ ಆಡುತ್ತವೆ. ಬಿಸಿ ಅತಿಯಾಗಿ ಹುಟ್ಟುತ್ತಿದೆಯೋ, ಹುಟ್ಟಿದ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಉಳಿಯುತ್ತಿದೆಯೋ ಎಂಬುದನ್ನು ಮೊದಲು ಪತ್ತೆ ಮಾಡಿ. ಅದಕ್ಕೆ ಕಾಸು ಖರ್ಚಿಲ್ಲ.

ನಿಮ್ಮದು ನಾಲ್ಕು ವರ್ಷದ್ದಾದ್ದರಿಂದ ವಾರಂಟಿಯ ಮಾತು ಮುಗಿಯಿತು. ಒಂದೆರಡು ವರ್ಷದ ಯಂತ್ರ ಇಟ್ಟುಕೊಂಡು ಇದನ್ನು ಓದುತ್ತಿರುವವರು ಮಾತ್ರ ತಳಭಾಗದ ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ಕೆಲವೊಮ್ಮೆ ಕಾರ್ಖಾನೆಯಿಂದ ಹೊರಟ ದಿನದಿಂದ ಲೆಕ್ಕ ಹಾಕಿ ‘ಮುಗಿದಿದೆ’ ಎಂದು ತೋರಿಸಿರುತ್ತದೆ. ಕೊಂಡ ಬಿಲ್ಲು ಕಳಿಸಿ ದಿನಾಂಕ ತಿದ್ದಿಸಿಕೊಳ್ಳಲು ಸಾಧ್ಯ.

ಇನ್ನು ಒಳಗೆ ಏನಿದೆ ಎಂಬುದು. ಪ್ರೊಸೆಸರ್ ಚಿಪ್ ಉಗುರಿನಷ್ಟು ಅಗಲದ್ದು. ಅದರ ಮೇಲೆ ಬಿಸಿಯನ್ನು ದಾಟಿಸುವ ಬೂದುಬಣ್ಣದ ಥರ್ಮಲ್ ಪೇಸ್ಟ್, ಅದರ ಮೇಲೆ ತಾಮ್ರದ ತಗಡು, ತಗಡಿಗೆ ಅಂಟಿದ ಚಪ್ಪಟೆ ತಾಮ್ರದ ಕೊಳವೆ. ಈ ಕೊಳವೆ ಬರಿಯ ಲೋಹವಲ್ಲ. ಗಾಳಿ ತೆಗೆದು ಒಂದಿಷ್ಟೇ ನೀರು ಹಾಕಿ ಮುಚ್ಚಿರುತ್ತಾರೆ. ಚಿಪ್ಪಿನ ಕಡೆ ಆ ನೀರು ಆವಿಯಾಗಿ, ಇನ್ನೊಂದು ತುದಿಯಲ್ಲಿ ತಣಿದು ಮತ್ತೆ ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ವಾಪಸ್ ಬರುತ್ತದೆ. ತಣಿಯುವ ತುದಿಯಲ್ಲಿ ಬಾಚಣಿಗೆ ಹಲ್ಲಿನಂತೆ ಒತ್ತೊತ್ತಾಗಿ ನಿಂತ ತೆಳುವಾದ ಲೋಹದ ರೆಕ್ಕೆಗಳು. ಅವುಗಳ ನಡುವೆ ಗಾಳಿ ನುಗ್ಗಿಸುವುದು ಫ್ಯಾನಿನ ಕೆಲಸ. ಪೇಸ್ಟು, ಕೊಳವೆ, ರೆಕ್ಕೆ, ಫ್ಯಾನು, ಇವುಗಳಲ್ಲಿ ಒಂದು ಕೈಕೊಟ್ಟರೂ ಬಿಸಿ ಅಲ್ಲೇ ನಿಲ್ಲುತ್ತದೆ.

ಚಿಪ್ ಸುಟ್ಟುಹೋಗುತ್ತದೆ ಎಂಬ ಭಯ ಬೇಡ. ಬಹುತೇಕ ಇಂಟೆಲ್ ಲ್ಯಾಪ್‌ಟಾಪ್ ಚಿಪ್‌ಗಳ ಮಿತಿ 100 ಡಿಗ್ರಿ ಸೆಲ್ಸಿಯಸ್; ಎಎಂಡಿಯವು 95ರಿಂದ 105ರ ನಡುವೆ. ಅಲ್ಲಿಗೆ ಮುಟ್ಟಿದೊಡನೆ ಚಿಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಆಗಲೇ ನಿಮಗೆ ‘ಸ್ಲೋ ಆಯಿತು’ ಅನ್ನಿಸುವುದು. ವೇಗ ಇಳಿಸಿದರೂ ಬಿಸಿ ಏರುತ್ತಲೇ ಹೋದರೆ ಒಂದೇಟಿಗೆ ಆಫ್. ನಿಮ್ಮ ವಿಡಿಯೋ ಕಾಲ್ ಕಡಿದುಹೋಗುತ್ತಿರುವುದು ಬಹುಶಃ ಹೀಗೆ. ಒಂದು ಅಪವಾದ ಮಾತ್ರ ನೆನಪಿರಲಿ: ತಣ್ಣಗಿರುವಾಗಲೂ ಆಫ್ ಆಗುತ್ತಿದ್ದರೆ, ಅಥವಾ ಚಾರ್ಜರ್ ತೆಗೆದಾಗ ಮಾತ್ರ ಹಾಗಾಗುತ್ತಿದ್ದರೆ, ಬ್ಯಾಟರಿಯ ಕಡೆ ನೋಡಬೇಕು.

ಪತ್ತೆ ಮಾಡುವುದು ಹೇಗೆ

ಎಚ್‌ಡಬ್ಲ್ಯುಇನ್ಫೋ ಅಥವಾ ಕೋರ್ ಟೆಂಪ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ, ಚಿಪ್ಪಿನ ಬಿಸಿ ಎಷ್ಟು ಡಿಗ್ರಿ ಎಂದು ಅದು ತೋರಿಸುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ, ಯಾವ ತಂತ್ರಾಂಶ ಚಿಪ್ಪನ್ನು ಎಷ್ಟು ದುಡಿಸುತ್ತಿದೆ ಎಂಬ ಪಟ್ಟಿ ಅದರಲ್ಲಿರುತ್ತದೆ. ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ (ಶಟ್‌ಡೌನ್ ಅಲ್ಲ, ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಇರುವಾಗ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಆಗಿರುವುದಿಲ್ಲ), ಏನೂ ತೆರೆಯದೆ ಹತ್ತು ನಿಮಿಷ ಬಿಟ್ಟು ನೋಡಿ. ಮೇಜಿನ ಮೇಲಿಟ್ಟು, ಹಾಸಿಗೆಯ ಮೇಲಲ್ಲ. ಹೆಚ್ಚಿನ ಲ್ಯಾಪ್‌ಟಾಪ್‌ಗಳು ಉಸಿರೆಳೆದುಕೊಳ್ಳುವುದೇ ತಳದಿಂದ. ಬೆಡ್‌ಶೀಟ್ ಆ ಬಾಯಿ ಮುಚ್ಚುತ್ತದೆ.

ಏನೂ ಮಾಡದಿದ್ದರೂ ಸಿಪಿಯು (ಅಂದರೆ ಪ್ರೊಸೆಸರ್) ಬಳಕೆ 30, 40, 60 ಶೇಕಡಾ ತೋರಿಸುತ್ತಿದೆಯೇ? ಹಾಗಿದ್ದರೆ ಬಿಸಿ ಹುಟ್ಟಿಸುತ್ತಿರುವುದು ತಂತ್ರಾಂಶ. ಎರಡೆರಡು ಆ್ಯಂಟಿವೈರಸ್, ಬ್ರೌಸರಿನ ಎಕ್ಸ್‌ಟೆನ್ಷನ್, ಮುಗಿಯದ ಕ್ಲೌಡ್ ಸಿಂಕ್ ಸಾಮಾನ್ಯ ಅಪರಾಧಿಗಳು. ಪಟ್ಟಿಯಲ್ಲಿ ಮೇಲಿರುವ ಹೆಸರನ್ನು ನೋಡಿ ತೆಗೆದುಹಾಕಿ. ಕಳ್ಳ ಪ್ರತಿಯ ತಂತ್ರಾಂಶ ಹಾಕಿಸಿಕೊಂಡಿದ್ದರೆ, ಅದರ ಬಾಲ ಹಿಡಿದು ಬಂದ ಕ್ರಿಪ್ಟೋ ಮೈನಿಂಗ್ ಮಾಲ್‌ವೇರ್ ನಿಮ್ಮ ಕರೆಂಟಿನಲ್ಲಿ ಬೇರೆಯವರ ದುಡ್ಡು ದುಡಿಯುತ್ತಿರಲೂಬಹುದು. ದೊಡ್ಡ ಅಪ್‌ಡೇಟ್ ಆದ ಮರುದಿನ ಸದ್ದು ಜೋರಾದರೆ ಸುಮ್ಮನಿರಿ, ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ.

ಬಳಕೆ ಐದು ಶೇಕಡಾ ಇದ್ದೂ ಚಿಪ್ 75, 80 ಡಿಗ್ರಿಯಲ್ಲಿ ಕೂತಿದ್ದರೆ ತಣಿಸುವ ದಾರಿಯೇ ಕಟ್ಟಿದೆ. ಇಲ್ಲಿ ಎರಡು ಗುರುತು ನೋಡಿ. ಒಂದು, ಬಿಸಿಗಾಳಿ ಬರುವ ಕಿಂಡಿಗೆ ಅಂಗೈ ಹಿಡಿಯಿರಿ. ಫ್ಯಾನ್ ಕೂಗುತ್ತಿದ್ದರೂ ಗಾಳಿಗೆ ಜೋರಿಲ್ಲ, ಬಂದಷ್ಟು ಗಾಳಿ ಸುಡುತ್ತಿದೆ ಎಂದರೆ ರೆಕ್ಕೆಗಳಲ್ಲಿ ದೂಳು. ಗಾಳಿ ರಭಸವಾಗಿ, ಆದರೆ ಉಗುರುಬೆಚ್ಚಗೆ ಬರುತ್ತಿದ್ದು ತಂತ್ರಾಂಶ ಮಾತ್ರ 95 ಡಿಗ್ರಿ ಅನ್ನುತ್ತಿದ್ದರೆ, ಚಿಪ್ಪಿನ ಬಿಸಿ ತಾಮ್ರದವರೆಗೇ ತಲುಪುತ್ತಿಲ್ಲ, ಪೇಸ್ಟ್ ಒಣಗಿದೆ. ಎರಡನೆಯದು, ಏರುವ ರೀತಿ. ಭಾರವಾದ ಕೆಲಸ ಕೊಟ್ಟ ಒಂದೆರಡು ಸೆಕೆಂಡಿನಲ್ಲೇ 50ರಿಂದ 95ಕ್ಕೆ ಹಾರಿ, ನಿಲ್ಲಿಸಿದ ಕೂಡಲೇ ಇಳಿದರೆ ಅನುಮಾನ ಪೇಸ್ಟಿನ ಮೇಲೆ. ಐದು ಹತ್ತು ನಿಮಿಷದಲ್ಲಿ ನಿಧಾನವಾಗಿ ಏರಿ, ಇಳಿಯಲೂ ಹೊತ್ತು ತೆಗೆದುಕೊಂಡರೆ ದೂಳಿನ ಮೇಲೆ. ನಾಲ್ಕು ವರ್ಷದ ಯಂತ್ರದಲ್ಲಿ ಹೆಚ್ಚಾಗಿ ಎರಡೂ ಇರುತ್ತವೆ.

ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಫ್ಯಾನ್ ಎಷ್ಟು ತಿರುಗಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಆಪಲ್ ತನ್ನ ಮ್ಯಾಕ್‌ಬುಕ್‌ಗಳಿಗೆ 10ರಿಂದ 35 ಡಿಗ್ರಿ ಕೋಣೆಯ ಮಿತಿ ಹಾಕಿದೆ. ಬೇರೆ ಕಂಪನಿಗಳದೂ ಬಹುಪಾಲು ಇಷ್ಟೇ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್, ಮೇ ಮಧ್ಯಾಹ್ನ 40 ದಾಟುತ್ತದೆ. ಅಲ್ಲಿ ಮಧ್ಯಾಹ್ನದ ಅಂಕಿ ನೋಡಿ ಯಂತ್ರ ಕೆಟ್ಟಿತೆಂದು ತೀರ್ಮಾನಿಸಬೇಡಿ, ಬೆಳಗ್ಗೆಯೂ ಒಮ್ಮೆ ಅಳೆಯಿರಿ.

ಬಿಚ್ಚುವ ಕೆಲಸ

ದೂಳು ಕೂರುವ ಜಾಗ ಹೊರಗಿನಿಂದ ಕಾಣುವುದಿಲ್ಲ. ಫ್ಯಾನಿಗೂ ರೆಕ್ಕೆಗಳಿಗೂ ನಡುವಿನ ಸಂದಿಯಲ್ಲಿ ಅದು ಕಂಬಳಿಯ ತುಂಡಿನ ಹಾಗೆ ಹೆಣೆದುಕೊಂಡಿರುತ್ತದೆ. ಮೆಟ್ರೊ ಕಾಮಗಾರಿ ಪಕ್ಕದ ಬೆಂಗಳೂರಿನ ಮನೆ, ಬಳ್ಳಾರಿಯ ಕೆಂಪು ದೂಳು, ಮನೆಯ ಬೆಕ್ಕಿನ ಕೂದಲು, ಎಲ್ಲಕ್ಕೂ ಅಲ್ಲೇ ನಿಲ್ದಾಣ. ಅಡುಗೆಮನೆ ಪಕ್ಕ ಕೂತು ಕೆಲಸ ಮಾಡುವವರದು ಇನ್ನೂ ಕಷ್ಟ: ಒಗ್ಗರಣೆಯ ಎಣ್ಣೆ ಹೊಗೆ, ಊದುಬತ್ತಿ ಹೊಗೆ ಸೇರಿ ದೂಳು ಅಂಟಾಗುತ್ತದೆ, ಊದಿದರೆ ಹೋಗುವುದಿಲ್ಲ. ಹೊರಗಿನ ಕಿಂಡಿಯಿಂದ ಬ್ಲೋವರ್ ಹಿಡಿದರೆ ಆ ಕಂಬಳಿ ಒಂದಿಷ್ಟು ಹಿಂದೆ ಸರಿದು ಮತ್ತೆ ಬಂದು ಕೂರುತ್ತದೆ, ಅಷ್ಟೆ.

ವಾರಂಟಿ ಮುಗಿದಿರುವುದರಿಂದ ಹಿಂಬದಿ ಬಿಚ್ಚಲು ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ. ಡೆಲ್, ಎಚ್‌ಪಿ, ಲೆನೊವೊ ಮೂವರೂ ತಮ್ಮ ಅನೇಕ ಮಾದರಿಗಳ ಸರ್ವಿಸ್ ಮ್ಯಾನ್ಯುಯಲ್‌ಗಳನ್ನು ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದ್ದಾರೆ. ನಿಮ್ಮ ಮಾದರಿಯದನ್ನು ಹುಡುಕಿ ಪೂರ್ತಿ ಓದಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಯಾವ ತೂತಿನದು ಯಾವುದೆಂದು ಕಾಗದದ ಮೇಲೆ ಗುರುತು ಮಾಡಿ ಇಡಿ. ಒಳಗೆ ಕೈಯಿಟ್ಟ ಮೇಲೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಕಳಚುವುದು. ಆಮೇಲೆ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಒತ್ತಿ ಹಿಡಿದು ಬ್ರಷ್ಷು, ಬ್ಲೋವರ್ ಬಳಸಿ. ಹಿಡಿಯದೆ ಊದಿದರೆ ಫ್ಯಾನ್ ಅಳತೆ ಮೀರಿ ಸುತ್ತಿ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ತುದಿಯ ಸ್ಥಿರವಿದ್ಯುತ್ತು ಬೋರ್ಡಿಗೆ ಒಳ್ಳೆಯದಲ್ಲ.

ಇಷ್ಟಕ್ಕೇ ಎಷ್ಟೋ ಲ್ಯಾಪ್‌ಟಾಪ್‌ಗಳು ಸುಧಾರಿಸುತ್ತವೆ. ಪೇಸ್ಟ್ ಬದಲಿಸುವುದಕ್ಕೆ ಕೈ ಪಳಗಿರಬೇಕು. ಹೀಟ್‌ಸಿಂಕ್ (ತಾಮ್ರದ ತಗಡು, ಕೊಳವೆ, ರೆಕ್ಕೆಗಳ ಜೋಡಿ) ಸ್ಕ್ರೂಗಳ ಪಕ್ಕ ಸಾಮಾನ್ಯವಾಗಿ 1, 2, 3, 4 ಎಂದು ಬರೆದಿರುತ್ತದೆ. ಹಾಕುವಾಗ ಆ ಕ್ರಮದಲ್ಲೇ ಸ್ವಲ್ಪ ಸ್ವಲ್ಪ ಬಿಗಿ ಮಾಡಬೇಕು, ಇಲ್ಲದಿದ್ದರೆ ಒತ್ತಡ ಒಂದೇ ಮೂಲೆಗೆ ಬಿದ್ದು ಚಿಪ್ ಮುಕ್ಕಾಗಬಹುದು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹೊಸದನ್ನು ಚಿಪ್ ತೆಳುವಾಗಿ ಮುಚ್ಚುವಷ್ಟು ಮಾತ್ರ ಹಾಕಿ. ಆರ್ಕ್ಟಿಕ್ ಎಂಎಕ್ಸ್-4 ಥರದ ಒಂದು ಟ್ಯೂಬಿಗೆ ಕೆಲವು ನೂರು ರೂಪಾಯಿ. ಪಕ್ಕದ ಮೆಮೊರಿ ಚಿಪ್‌ಗಳ ಮೇಲಿನ ದಪ್ಪ ಮೆತ್ತನೆಯ ಪ್ಯಾಡ್ ಹರಿದರೆ ಅಲ್ಲಿಗೆ ಪೇಸ್ಟ್ ಮೆತ್ತಬೇಡಿ. ಸಂದಿ ತುಂಬುವುದಿಲ್ಲ, ಅದೇ ದಪ್ಪದ ಪ್ಯಾಡೇ ಬೇಕು. ಕೆಲವು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಪೇಸ್ಟಿನ ಬದಲು ದ್ರವಲೋಹ ಇರುತ್ತದೆ. ಅದು ವಿದ್ಯುತ್ತು ಹರಿಸುತ್ತದೆ, ಒಂದು ಹನಿ ಬೋರ್ಡಿಗೆ ಬಿದ್ದರೂ ಆಗ ನಿಜವಾಗಿ ಮದರ್‌ಬೋರ್ಡ್ ಹೋಗುತ್ತದೆ. ಅದನ್ನು ನೀವು ಮುಟ್ಟಬೇಡಿ.

ಸದ್ದಿನಲ್ಲೂ ವಿಧ ಇದೆ. ಗಾಳಿಯ ಭೋರ್ಗರೆತವಾದರೆ ಫ್ಯಾನ್ ಸರಿಯಾಗಿದೆ, ಬಿಸಿ ಇಳಿಸಿದರೆ ತಾನೇ ಸುಮ್ಮನಾಗುತ್ತದೆ. ಕರಕರ, ಗರಗರ ಎಂದರೆ, ಓರೆ ಮಾಡಿದಾಗ ಸದ್ದು ಬದಲಾದರೆ, ಬೇರಿಂಗ್ ಸವೆದಿದೆ. ಇದಕ್ಕೆ ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ; ಚಳಿಗೆ ಗಟ್ಟಿಯಾಗಿ, ದೂಳಿಗೆ ಅಂಟಾಗಿ ಇದ್ದ ಫ್ಯಾನೂ ನಿಲ್ಲುತ್ತದೆ. ಫ್ಯಾನಿನ ಮೇಲಿನ ಪಾರ್ಟ್ ನಂಬರ್ ಬರೆದುಕೊಂಡು ಹೊಸದು ಹಾಕಿಸಿ. ಇನ್ನು ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರದಲ್ಲಿ ಟಕ್, ಟಕ್ ಎಂದು ಕೇಳಿದರೆ ಅದು ಫ್ಯಾನೇ ಅಲ್ಲ. ಬೇರೆಲ್ಲ ಬಿಟ್ಟು ಅವತ್ತೇ ಫೈಲುಗಳನ್ನು ನಕಲು ಮಾಡಿಕೊಳ್ಳಿ.

ಬಿಚ್ಚಲು ಧೈರ್ಯವಿಲ್ಲದವರಿಗೆ

ಪುಕ್ಕಟೆ ಉಪಾಯವೊಂದಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಈಗಿನ ಚಿಪ್‌ಗಳು ಟರ್ಬೊ ಎಂಬ ಹೆಸರಿನಲ್ಲಿ ಸ್ವಲ್ಪ ಹೊತ್ತು ತಮ್ಮ ಅಳತೆ ಮೀರಿ ಓಡುತ್ತವೆ. ಇಂಟೆಲ್‌ನ ಐ5-1235ಯು ಚಿಪ್ಪಿನ ಮೂಲ ಶಕ್ತಿ 15 ವ್ಯಾಟ್, ಟರ್ಬೊದಲ್ಲಿ 55 ವ್ಯಾಟ್‌ವರೆಗೆ. ವೇಗ ಹೆಚ್ಚಿಸಲು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ, ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹೀಗಾಗಿ ಕೊನೆಯ ಚೂರು ವೇಗಕ್ಕೆ ತೆರುವ ಬಿಸಿ ವಿಪರೀತ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒಳಗೆ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬುದನ್ನು 100ರಿಂದ 99ಕ್ಕೆ ಇಳಿಸಿ. ಆ ಒಂದು ಶೇಕಡಾ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ಪೂರ್ತಿ ನಿಲ್ಲುತ್ತದೆ. ಬ್ರೌಸರ್, ವರ್ಡ್, ವಿಡಿಯೋ ಕಾಲ್‌ಗೆ ಅಷ್ಟು ವ್ಯತ್ಯಾಸ ಕಾಣುವುದಿಲ್ಲ, ಫ್ಯಾನ್ ಮಾತ್ರ ತಣ್ಣಗಾಗುತ್ತದೆ. ಆ ಆಯ್ಕೆ ಕಾಣದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಪವರ್ ಮೋಡನ್ನು ‘ಬೆಸ್ಟ್ ಪವರ್ ಎಫಿಶಿಯೆನ್ಸಿ’ಗೆ ಹಾಕಿ.

ನೀವು ಕೇಳಿದ ಕೂಲಿಂಗ್ ಪ್ಯಾಡಿನ ಬಗ್ಗೆ ನನಗೆ ಅಂಥ ಗೌರವವಿಲ್ಲ. ದೂಳು ಕಟ್ಟಿದ ಯಂತ್ರದ ಕೆಳಗೆ ಇನ್ನೆರಡು ಫ್ಯಾನ್ ಇಟ್ಟರೆ ಒಂದಷ್ಟು ಡಿಗ್ರಿ ಇಳಿದೀತು, ಸದ್ದು ಮಾತ್ರ ಜಾಸ್ತಿಯಾಗುತ್ತದೆ. ಹಿಂಬದಿಯ ಎರಡು ಮೂಲೆಗೆ ಬಾಟಲಿ ಮುಚ್ಚಳ ಕೊಟ್ಟು ಎತ್ತರಿಸಿದರೂ ಆ ಲಾಭದ ಬಹುಪಾಲು ಸಿಗುತ್ತದೆ.

ಅಂಗಡಿಗೆ ಹೋಗುವುದಾದರೆ ‘ರಿಪೇರಿ ಮಾಡಿ’ ಅನ್ನಬೇಡಿ. ‘ಹೀಟ್‌ಸಿಂಕ್ ಬಿಚ್ಚಿ ದೂಳು ತೆಗೆದು, ಪೇಸ್ಟ್ ಬದಲಿಸಿ’ ಎಂದು ಬಿಡಿಸಿ ಹೇಳಿ. ಹೋಗುವ ಮುನ್ನ ಅಳೆದ ಡಿಗ್ರಿ ಬರೆದುಕೊಂಡಿರಿ, ಕೆಲಸ ಮುಗಿದ ಮೇಲೆ ಅವರೆದುರೇ ಮತ್ತೆ ಅಳೆಯಿರಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಿದೆ, ಅಲ್ಲಿ ಎರಡು ಮೂರು ಕಡೆ ವಿಚಾರಿಸಿದರೆ ದರ ತಾನೇ ಗೊತ್ತಾಗುತ್ತದೆ. ಮದರ್‌ಬೋರ್ಡ್ ಹೋಗಿದೆ ಎನ್ನುವವರನ್ನು ‘ಯಾವ ಭಾಗ, ಹೇಗೆ ಗೊತ್ತಾಯಿತು?’ ಎಂದು ಕೇಳಿ. ಬಿಲ್ಲಿಲ್ಲದೆ ದುಡ್ಡು ಕೊಡಬೇಡಿ. ಕೆಲಸ ಕೆಟ್ಟರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಲು ಆ ಕಾಗದ ಬೇಕು. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಎಂಬ ಜಾಲತಾಣವನ್ನೂ ಶುರು ಮಾಡಿದೆ. ಅಲ್ಲಿ ಕಂಪನಿಗಳ ರಿಪೇರಿ ಮಾಹಿತಿಯ ಕೊಂಡಿಗಳಿವೆ.

ಟಚ್‌ಪ್ಯಾಡ್ ಮೇಲಕ್ಕೆದ್ದಿದ್ದರೆ, ತಳ ಉಬ್ಬಿ ಲ್ಯಾಪ್‌ಟಾಪ್ ಮೇಜಿನ ಮೇಲೆ ಅಲ್ಲಾಡುತ್ತಿದ್ದರೆ ಮೇಲಿನ ಯಾವುದನ್ನೂ ಮಾಡಬೇಡಿ. ಅದು ಊದಿದ ಬ್ಯಾಟರಿ. ಚಾರ್ಜ್ ಮಾಡುವುದು ನಿಲ್ಲಿಸಿ, ಒತ್ತದೆ, ಚುಚ್ಚದೆ ಬಲ್ಲವರಿಂದ ತೆಗೆಸಿ. ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಡಿ.

ದೂಳು ತೆಗೆದು, ಪೇಸ್ಟ್ ಹಾಕಿ, ಫ್ಯಾನ್ ಬದಲಿಸಿದ ಮೇಲೂ ಬರಿದೇ ಕೂತಾಗ 80 ಡಿಗ್ರಿಯಿಂದ ಇಳಿಯದಿದ್ದರೆ ತಾಮ್ರದ ಕೊಳವೆಯೇ ಸೋರಿ ಒಣಗಿರಬಹುದು. ಹೀಟ್‌ಸಿಂಕ್ ಜೋಡಿ ಪೂರ್ತಿ ಬದಲಿಸಬೇಕಾಗುತ್ತದೆ. ಅದರ ಜೊತೆ ಬ್ಯಾಟರಿ, ಹಿಂಜ್ ಎಂದು ಪಟ್ಟಿ ಬೆಳೆದು, ಅದೇ ಮಾದರಿಯ ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧ ದಾಟಿದರೆ ಆಗ ಹೊಸದನ್ನು ನೋಡಿ. ಆದರೆ ಹಳೆಯದನ್ನು ಬಿಚ್ಚಿಸುವ ಮುನ್ನ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಬಿಟ್‌ಲಾಕರ್ (ಫೈಲುಗಳಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದಿದ್ದರೆ ಫೈಲುಗಳೆಲ್ಲ ಇರುವ ಹಳೆಯ ಎಸ್‌ಎಸ್‌ಡಿ ಡ್ರೈವನ್ನು ಹೊರತೆಗೆದು, ಯುಎಸ್‌ಬಿ ಪೆಟ್ಟಿಗೆಯೊಂದಕ್ಕೆ ಹಾಕಿ, ಹೊಸ ಲ್ಯಾಪ್‌ಟಾಪಿಗೆ ಚುಚ್ಚಿ ಫೈಲುಗಳನ್ನೆಲ್ಲ ಓದಬಹುದು.