ಊರಿಗೊಂದು ಸೇರು, ಸೈನ್ಯಕ್ಕೊಂದು ಬ್ರಿಗೇಡ್

ವಾಟರ್ಲೂ ಪಾಠ ಶುರುವಾದರೆ ಸಾಕು, ಮಾರನೇ ದಿನ ಒಬ್ಬ ಹುಡುಗ ಕೋಷ್ಟಕ ಹಾಕಿಕೊಂಡು ಬಂದಿರುತ್ತಾನೆ. ಎಡಕ್ಕೆ ಫ್ರೆಂಚರ ನೆಪೋಲಿಯನ್, ಬಲಕ್ಕೆ ಬ್ರಿಟಿಷರ ವೆಲಿಂಗ್ಟನ್. ಇವರದು ಇಷ್ಟು ಕೋರ್, ಅವರದು ಇಷ್ಟು ಬ್ರಿಗೇಡ್. ಕೂಡಿಸಿ ಕಳೆದು, "ಸರ್, ನೆಪೋಲಿಯನ್ ಗೆಲ್ಲಬೇಕಿತ್ತು ಅಲ್ವಾ?" ಇಪ್ಪತ್ತು ವರ್ಷ ಸೈನ್ಯದಲ್ಲಿದ್ದು, ಈಗ ಸೇನಾ ಪರೀಕ್ಷೆ ಬರೆಯುವವರಿಗೆ ಪಾಠ ಹೇಳುತ್ತಿದ್ದೇನೆ. ಹುಡುಗರು ಒಳ್ಳೆಯವರೇ. ಆ ಕೋಷ್ಟಕ ಕಂಡರೆ ಮಾತ್ರ ನನಗೆ ತಲೆಬಿಸಿ.

1815ರ ಜೂನ್ 18ರಂದು ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ ಸೋತ ಅನ್ನೋದು ನಿಮಗೆ ಗೊತ್ತೇ ಇದೆ, ಬಿಡಿ. ನಾನು ಹೇಳಬೇಕಿರುವುದು ಒಂದೇ: ಕೋರ್, ಅದರೊಳಗೆ ಡಿವಿಷನ್, ಅದರೊಳಗೆ ಬ್ರಿಗೇಡ್, ಸೈನ್ಯದ ಈ ತುಕಡಿಗಳೆಲ್ಲ ಅಳತೆಗಳಲ್ಲ. ಹಿಂದೆ ನಮ್ಮಲ್ಲಿ ಊರಿಗೊಂದು ಸೇರು ಇತ್ತಲ್ಲ, ಹಾಗೆ. ಹೆಸರು ಒಂದೇ, ಹಿಡಿಯುವ ಅಕ್ಕಿ ಬೇರೆ.

ಫ್ರೆಂಚರ ಕೋರ್ ಅಂದರೆ ಒಂದು ಪುಟ್ಟ ಸೈನ್ಯ. ಕಾಲಾಳು, ಕುದುರೆ, ಫಿರಂಗಿ ಎಲ್ಲ ಅದರೊಳಗೇ. ಬೇರೆ ಬೇರೆ ದಾರಿ ಹಿಡಿದು ನಡೆಯಬೇಕು. ಶತ್ರು ಎದುರಾದರೆ ಪಕ್ಕದ ಕೋರ್ ಬರುವವರೆಗೆ ಒಂಟಿಯಾಗಿ ತಡೆದು ನಿಲ್ಲಬೇಕು. ಕೆಲಸ ಅದು. ಎಷ್ಟು ಜನ ಇರಬೇಕು ಅನ್ನುವ ಕಟ್ಟಳೆ ಇಲ್ಲ. ಆವತ್ತು ಡೆರ್ಲೋನ್‌ನ 1ನೇ ಕೋರ್‌ನಲ್ಲಿ ನಾಲ್ಕು ಕಾಲಾಳು ಡಿವಿಷನ್, ಹತ್ತಿರ ಹತ್ತಿರ 20,000 ಜನ. ಲೋಬೋನ 6ನೇ ಕೋರ್‌ನಲ್ಲಿ ಉಳಿದಿದ್ದು ಎರಡೇ ಕಾಲಾಳು ಡಿವಿಷನ್, ಅದರ ಅರ್ಧದ ಆಸುಪಾಸು. ಇನ್ನೊಂದು ಡಿವಿಷನ್ ನೆಪೋಲಿಯನ್‌ನ ಮಾರ್ಷಲ್ ಗ್ರೂಷಿ ಜೊತೆ, ವೆಲಿಂಗ್ಟನ್ ಕಡೆಯ ಪ್ರಷ್ಯನ್ನರನ್ನು ಅಟ್ಟಿಕೊಂಡು ವಾವ್ರ ಅನ್ನುವ ಊರಿನ ಕಡೆ ಹೋಗಿತ್ತು. ಕೋಷ್ಟಕದಲ್ಲಿ ಎರಡೂ ಕೋರ್‌ಗೆ ಒಂದೊಂದು ಗೆರೆ. (5ನೇ ಕೋರ್ ಎಲ್ಲಿ ಅಂತ ಹುಡುಕಬೇಡಿ. ಅದು ರ‍್ಯಾಪ್ ಕೈಕೆಳಗೆ ರೈನ್ ನದಿಯ ಕಡೆ ಇತ್ತು.)

ಪ್ರಷ್ಯನ್ನರದು ಇನ್ನೂ ಬೇರೆ. ಅವರಲ್ಲಿ ಆಗ ಡಿವಿಷನ್ ಅನ್ನುವ ಮೆಟ್ಟಿಲೇ ಇಲ್ಲ. ಕೋರ್ ಕೆಳಗೆ ನೇರ ಬ್ರಿಗೇಡ್. ಅದರಲ್ಲಿ ಸಾಮಾನ್ಯವಾಗಿ ಮೂರು ರೆಜಿಮೆಂಟ್, ಅವುಗಳೊಳಗೆ ಒಟ್ಟು ಒಂಬತ್ತು ಬೆಟಾಲಿಯನ್. ಬ್ರಿಟಿಷ್ ಬ್ರಿಗೇಡ್‌ನಲ್ಲಿ ಮೂರೋ ನಾಲ್ಕೋ ಬೆಟಾಲಿಯನ್. ಹಾಗಾಗಿ "ಎರಡೂ ಕಡೆ ಒಂದೊಂದು ಬ್ರಿಗೇಡ್, ಸಮ" ಅಂದರೆ ಏನು ಹೇಳಲಿ?

ನಾನಿದ್ದ ಕಂಪನಿಯ ವಿಷಯ ಕೇಳಿ. ಕಾಗದದ ಮೇಲೆ ಸುಮಾರು 120 ಜನ. ಒಂದು ಬೆಳಿಗ್ಗೆ ಫಾಲಿನ್‌ಗೆ, ಅಂದರೆ ಸಾಲಾಗಿ ಹಾಜರಿಗೆ ನಿಂತವರನ್ನು ಎಣಿಸಿದೆ: 71. ಉಳಿದವರು ರಜೆ, ಕೋರ್ಸ್, ಆಸ್ಪತ್ರೆ, ಗಾರ್ಡ್ ಡ್ಯೂಟಿ. ಯುದ್ಧವೇನೂ ಇರಲಿಲ್ಲ, ಸುಮ್ನೆ ಒಂದು ಸೋಮವಾರ.

ವೆಲಿಂಗ್ಟನ್ ವಿಷಯಕ್ಕೆ ಬಂದರೆ, ಅವನ ಸೈನ್ಯದಲ್ಲೂ ಕಾಗದದ ಮೇಲೆ ಕೋರ್‌ಗಳಿದ್ದವು. ಒಂದಕ್ಕೆ 22 ವರ್ಷದ ಡಚ್ಚರ ಆರೆಂಜ್ ರಾಜಕುಮಾರ, ಇನ್ನೊಂದಕ್ಕೆ ಬ್ರಿಟಿಷ್ ಜನರಲ್ ಹಿಲ್. ಆದರೆ ಮೈದಾನದಲ್ಲಿ ಅವನು ಡಿವಿಷನ್‌ಗಳನ್ನು ತನಗೆ ಬೇಕಾದ ಕಡೆ ನಿಲ್ಲಿಸಿಕೊಂಡು, ತಾನೇ ಕುದುರೆ ಓಡಿಸಿಕೊಂಡು ಹೋಗಿ ಆಜ್ಞೆ ಕೊಡುತ್ತಿದ್ದ. ಸುಮಾರು 68,000 ಜನರಲ್ಲಿ ಬ್ರಿಟಿಷರು ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. (ಈ ಅಂಕಿಗಳು ಒಬ್ಬೊಬ್ಬರ ಪುಸ್ತಕದಲ್ಲಿ ಒಂದೊಂದು ಥರ. ಅಂದಾಜು ಅಂತಲೇ ಓದಿಕೊಳ್ಳಿ.) ಮಿಕ್ಕವರು ಹ್ಯಾನೋವರ್, ಬ್ರನ್ಸ್‌ವಿಕ್, ನಸ್ಸಾವ್, ಡಚ್, ಬೆಲ್ಜಿಯನ್ನರು. ಎಷ್ಟೋ ಜನ ಹೊಸಬರು. ಅವರನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕದೆ ಪಳಗಿದವರ ಪಕ್ಕ ನಿಲ್ಲಿಸಿದ. ಆಲ್ಟನ್‌ನ 3ನೇ ಡಿವಿಷನ್ ನೋಡಿ: ಒಂದು ಬ್ರಿಟಿಷ್ ಬ್ರಿಗೇಡ್, ಒಂದು ಬ್ರಿಟಿಷ್ ಸಂಬಳದ ಜರ್ಮನ್ ಲೀಜನ್ ಬ್ರಿಗೇಡ್, ಒಂದು ಹ್ಯಾನೋವರ್‌ದು.

ಆ ಬ್ರಿಟಿಷ್ ಬ್ರಿಗೇಡ್‌ನಲ್ಲಿದ್ದ 33ನೇ ರೆಜಿಮೆಂಟ್ ನಮಗೆ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದು ಅದೇ. ಆಗ ವೆಲಿಂಗ್ಟನ್ ಬರೀ ಕರ್ನಲ್ ವೆಲ್ಲೆಸ್ಲಿ. ನಿಜಾಮನ ಪಡೆಗೆ ಈ 33ನೆಯದನ್ನು ಜೋಡಿಸಿ ಅವನ ಕೈಗೆ ಕೊಟ್ಟಿದ್ದರು. ಸುಲ್ತಾನ್‌ಪೇಟೆ ತೋಪಿನಲ್ಲಿ ರಾತ್ರಿ ದಾರಿ ತಪ್ಪಿ ಟಿಪ್ಪುವಿನ ಕಡೆಯವರಿಂದ ಚೆನ್ನಾಗಿ ಏಟು ತಿಂದ. ಬೆರಕೆ ಸೈನ್ಯ ನಡೆಸುವ ಅಭ್ಯಾಸ ಅವನಿಗೆ ಹದಿನಾರು ವರ್ಷ ಮೊದಲೇ ಆಗಿತ್ತು, ಅದೂ ಇಲ್ಲೇ.

ಬೆರಕೆಗೆ ಅದರದೇ ತಾಪತ್ರಯವೂ ಉಂಟು. ಲಾ ಹೇ ಸೇಂಟ್ ಅನ್ನುವ ತೋಟದ ಮನೆಯನ್ನು ಕಾಯುತ್ತಿದ್ದದ್ದು ಲೀಜನ್‌ನ 2ನೇ ಲೈಟ್ ಬೆಟಾಲಿಯನ್. ಸುಮಾರು 400 ಜನ, ಮೇಜರ್ ಬೇರಿಂಗ್ ಮುಖ್ಯಸ್ಥ. ಅವರ ಕೈಯಲ್ಲಿದ್ದದ್ದು ರೈಫಲ್. ಸುತ್ತಲಿನ ಹೆಚ್ಚಿನವರದು ಮಸ್ಕೆಟ್. ಅದರ ಗುಂಡು ಇದಕ್ಕೆ ಹೊಂದದು. ಮಧ್ಯಾಹ್ನದಿಂದ ಬೇರಿಂಗ್ ಗುಂಡು ಕಳಿಸಿ, ಗುಂಡು ಕಳಿಸಿ ಅಂತ ಮತ್ತೆ ಮತ್ತೆ ಹೇಳಿ ಕಳಿಸಿದ. ಸಹಾಯಕ್ಕೆ ಜನ ಬಂದರು, ಗುಂಡು ಬರಲಿಲ್ಲ. ಸಂಜೆ ಫ್ರೆಂಚರು ಒಳನುಗ್ಗಿದಾಗ ಇವರು ಬಯೋನೆಟ್ ಹಿಡಿದು ಮನೆಯ ಓಣಿಯಲ್ಲಿ ಕಾದಾಡುತ್ತಾ ಹಿತ್ತಲಿನ ಕಡೆಯಿಂದ ಹೊರಬಿದ್ದರು. ಕೊನೆಗೆ ಬೇರಿಂಗ್ ಜೊತೆ ಉಳಿದವರು 42 ಜನ ಅಂತ ಅವನೇ ಬರೆದಿಟ್ಟಿದ್ದಾನೆ.